ಕಪ್ಪಿನಿಂದ ಶುರು: ಮರದಲ್ಲಿ ಹಕ್ಕಿ ಕೆತ್ತುವ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನನ್ನದೊಂದು ಗೂಬೆಯ ಚಿತ್ರ ಅಚ್ಚಾಗಿತ್ತು. ಮರದ ಬ್ಲಾಕಿನ ಮೇಲೆ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ಇದನ್ನು ಹೇಗೆ ಮಾಡುತ್ತಾರೆ, ಈ ಕಾಲದಲ್ಲಿ ಯಾಕೆ ಮಾಡುತ್ತಾರೆ, ಇದರಿಂದ ಹೊಟ್ಟೆ ತುಂಬುತ್ತಾ ಅಂತೆಲ್ಲ ಕೇಳಿ ಪತ್ರಗಳು ಬಂದವು. ಸಂಪಾದಕರು ಎಲ್ಲವನ್ನೂ ನನಗೆ ದಾಟಿಸಿ ಕೈತೊಳೆದುಕೊಂಡರು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಮಕ್ಕಳಿಗೆ ವುಡ್‌ಕಟ್ ಮಾಡಿಸುತ್ತೇವೆ. ನೀವು ಮಾಡುವುದಕ್ಕೆ ವುಡ್ ಎನ್‌ಗ್ರೇವಿಂಗ್ ಅನ್ನುತ್ತೀರಿ. ಎರಡೂ ಮರ, ಎರಡೂ ಕೆತ್ತನೆ. ವ್ಯತ್ಯಾಸ ಏನು? (ಒಬ್ಬ ಚಿತ್ರಕಲಾ ಶಿಕ್ಷಕಿ)

ಮರವನ್ನು ಕೊಯ್ಯುವ ದಿಕ್ಕಿನಲ್ಲೇ ವ್ಯತ್ಯಾಸ ಇದೆ, ಮೇಡಂ. ವುಡ್‌ಕಟ್‌ಗೆ ಉದ್ದಕ್ಕೆ ಸೀಳಿದ ಹಲಗೆ ಬೇಕು. ಅದರಲ್ಲಿ ಮರದ ಎಳೆ ಮಲಗಿರುತ್ತದೆ. ಎಳೆಯ ಜೊತೆ ಹೋದರೆ ಉಳಿ ಸಲೀಸಾಗಿ ಓಡುತ್ತದೆ, ಅಡ್ಡ ಹೋದರೆ ಚಕ್ಕೆ ಏಳುತ್ತದೆ. ವುಡ್ ಎನ್‌ಗ್ರೇವಿಂಗ್‌ಗೆ ಕಾಂಡವನ್ನು ಅಡ್ಡಕ್ಕೆ ಕೊಯ್ದ ಬಿಲ್ಲೆ ಬೇಕು. ಇಲ್ಲಿ ಎಳೆಗಳೆಲ್ಲ ನಿಂತಿರುತ್ತವೆ, ನಮಗೆ ಕಾಣುವುದು ಅವುಗಳ ತುದಿ ಮಾತ್ರ. ಹಾಗಾಗಿ ಉಳಿಯನ್ನು ಯಾವ ಕಡೆಗೆ ತಿರುಗಿಸಿದರೂ ಮರ ತಕರಾರು ಮಾಡುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ.

ಇದಕ್ಕೆ ಹಿಂದಿನಿಂದಲೂ ಹೆಸರಾದ ಮರ ಬಾಕ್ಸ್‌ವುಡ್. ಬಹಳ ನಿಧಾನಕ್ಕೆ ಬೆಳೆಯುವ ಗಿಡ, ಅದಕ್ಕೇ ಅಷ್ಟು ಗಟ್ಟಿ. ಆದರೆ ಕಾಂಡ ದಪ್ಪ ಆಗುವುದಿಲ್ಲ. ಬ್ಲಾಕು ಸ್ವಲ್ಪ ದೊಡ್ಡದು ಬೇಕೆಂದರೂ ಸಣ್ಣ ಸಣ್ಣ ತುಂಡುಗಳನ್ನು ಅಂಟಿಸಿಯೇ ಮಾಡಬೇಕು. ಪೇರ್, ಮೇಪಲ್, ಚೆರ್ರಿ ಮರಗಳಲ್ಲೂ ಕೆತ್ತುತ್ತಾರೆ. ಅವು ಸ್ವಲ್ಪ ಮೆದು, ಅತಿ ಸಣ್ಣ ಗೆರೆ ಹಿಡಿದುಕೊಳ್ಳುವುದು ಕಷ್ಟ.

ಉಪಕರಣವೂ ಬೇರೆ. ವುಡ್‌ಕಟ್‌ನಲ್ಲಿ ಚಾಕು ಹಾಗೂ ಬಾಯಗಲದ ಉಳಿ. ನಮ್ಮದು ಬ್ಯೂರಿನ್. ತಾಮ್ರದ ತಗಡು ಕೆತ್ತುವವರ ಕೈಯಿಂದ ಬಂದ ಉಕ್ಕಿನ ಸಣ್ಣ ಕಡ್ಡಿ. ಅಣಬೆಯಂಥ ಹಿಡಿ ಅಂಗೈಯೊಳಗೆ ಕೂರುತ್ತದೆ, ಹೆಬ್ಬೆರಳು ಬ್ಲಾಕಿನ ಮೇಲೆ ಊರಿಕೊಂಡು ತಡೆ ಹಿಡಿಯುತ್ತದೆ. ಬ್ಲಾಕಿನ ಕೆಳಗೆ ಮರಳು ತುಂಬಿದ ಚರ್ಮದ ದಿಂಬು. ಬಾಗಿದ ಗೆರೆ ಬೇಕೆಂದರೆ ಉಳಿಯನ್ನು ತಿರುಗಿಸುವುದಿಲ್ಲ, ಎಡಗೈಯಲ್ಲಿ ಬ್ಲಾಕನ್ನೇ ತಿರುಗಿಸುತ್ತೇವೆ. ಹೊಸಬರು ತಡವಾಗಿ ಕಲಿಯುವುದು ಇದನ್ನೇ.

ಚಿಕ್ಕ ಮಕ್ಕಳಿಗೆ ಮಾತ್ರ ಇದು ಬೇಡ. ಲಿನೋ, ಅಂದರೆ ಮೆತ್ತನೆಯ ಲಿನೋಲಿಯಂ ಹಾಳೆ, ಸಾಕು. ಹೈಸ್ಕೂಲಿಗೆ ಬಂದ ಮೇಲೆ ನೋಡೋಣ.

ಪ್ರಶ್ನೆ: ತಾಮ್ರದ ತಗಡಿನಲ್ಲಿ ಇನ್ನೂ ನಯವಾದ ಗೆರೆ ಬರುತ್ತದಲ್ಲ? ಹಳೆಯ ಪ್ರಾಣಿ ಪುಸ್ತಕಗಳಿಗೆ ಮರವೇ ಯಾಕೆ ಬೇಕಾಯಿತು? (ಅಚ್ಚುಕೂಟದಲ್ಲಿ ದುಡಿದು ನಿವೃತ್ತರಾದ ಒಬ್ಬರು)

ನಿಮ್ಮ ವೃತ್ತಿಯವರಿಗೆ ಉತ್ತರ ಅರ್ಧ ಗೊತ್ತೇ ಇರುತ್ತದೆ. ತಾಮ್ರದಲ್ಲಿ ಮಸಿ ಕೂರುವುದು ತೋಡಿದ ಗೆರೆಯ ಒಳಗೆ. ಅದನ್ನು ಎಳೆದು ತೆಗೆಯಲು ಬೇರೆಯದೇ ಪ್ರೆಸ್ಸು, ಒದ್ದೆ ಮಾಡಿದ ಕಾಗದ, ಭಾರಿ ಒತ್ತಡ ಬೇಕು. ಅಚ್ಚುಮೊಳೆಯ ಅಕ್ಷರದ ಜೊತೆ ಒಂದೇ ಸಲಕ್ಕೆ ಅಚ್ಚಾಗುವುದಿಲ್ಲ. ಚಿತ್ರದ ಹಾಳೆ ಬೇರೆ, ಬರಹದ ಹಾಳೆ ಬೇರೆ. ಖರ್ಚು ಏರುತ್ತದೆ.

ಮರದ ಬ್ಲಾಕಿನಲ್ಲಿ ಮಸಿ ಕೂರುವುದು ಮೇಲ್ಮುಖದಲ್ಲಿ, ಮೊಳೆಯಲ್ಲಿ ಕೂರುವ ಹಾಗೇ. ಬ್ಲಾಕಿನ ದಪ್ಪವನ್ನು ಅಚ್ಚುಮೊಳೆಯ ಎತ್ತರಕ್ಕೆ, ಅಂದರೆ ಸುಮಾರು 23 ಮಿಲಿಮೀಟರಿಗೆ ಸರಿ ಮಾಡಿದರೆ ಆಯಿತು. ಅಕ್ಷರ, ಚಿತ್ರ ಎರಡನ್ನೂ ಒಟ್ಟಿಗೆ ಬಿಗಿದು ಒಂದೇ ಒತ್ತಿಗೆ ತೆಗೆಯಬಹುದು. ನರಿಯ ವಿವರಣೆ ಇರುವ ಪುಟದಲ್ಲೇ ನರಿ ಬಂದು ಕೂತಿತು. ಸಾಧಾರಣ ಜನ ಕೊಳ್ಳುವ ಬೆಲೆಗೆ ಪ್ರಾಣಿ ಪುಸ್ತಕ ಸಿಗುವುದಕ್ಕೆ ದಾರಿಯಾದದ್ದು ಇದರಿಂದ. ಬಣ್ಣ ಬಳಿದ ದೊಡ್ಡ ತಾಮ್ರದ ಚಿತ್ರಗಳು ಸಾಹುಕಾರರ ಲೈಬ್ರರಿಗೇ ಮೀಸಲಾಗಿದ್ದವು.

ಇನ್ನೊಂದು, ಅಡ್ಡ ಕೊಯ್ದ ಮರ ಸವೆಯುವುದು ತುಂಬ ಕಡಿಮೆ. ಸಾವಿರಗಟ್ಟಲೆ ಪ್ರತಿ ತೆಗೆದರೂ ಗೆರೆ ಹಾಗೇ ಇರುತ್ತದೆ. ತಾಮ್ರದ ಗೆರೆ ಅಷ್ಟೊತ್ತಿಗೆ ಮಾಸಿ ಹೋಗಿರುತ್ತದೆ.

ಪ್ರಶ್ನೆ: ಈ ಕೆಲಸದವರೆಲ್ಲ ಥಾಮಸ್ ಬ್ಯೂಯಿಕ್ ಹೆಸರು ಹೇಳುತ್ತಾರೆ. ಯಾರು ಆತ? ಸುಮ್ನೆ ಹಳಬ ಅಂತ ಗೌರವವೋ, ನಿಜಕ್ಕೂ ಅಷ್ಟು ದೊಡ್ಡವನೋ? (ಪದವಿ ವಿದ್ಯಾರ್ಥಿ)

ನಿಜಕ್ಕೂ ದೊಡ್ಡವನು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನನಗೆ ಇಷ್ಟದ ವಿಷಯ.

ಹುಟ್ಟಿದ್ದು 1753ರಲ್ಲಿ, ಇಂಗ್ಲೆಂಡಿನ ಉತ್ತರದ ನಾರ್ಥಂಬರ್‌ಲೆಂಡಿನಲ್ಲಿ, ಟೈನ್ ನದಿಯ ಹತ್ತಿರದ ಚೆರ್ರಿಬರ್ನ್ ಎಂಬ ಪುಟ್ಟ ಹೊಲಮನೆಯಲ್ಲಿ. ಓದಿಗಿಂತ ಅಲೆದಾಟ ಜಾಸ್ತಿ. ಕಾಗದ ಸಿಗದಿದ್ದಾಗ ಗೋರಿಕಲ್ಲುಗಳ ಮೇಲೆ, ಚರ್ಚಿನ ಮುಂಬಾಗಿಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದ. 1767ರಲ್ಲಿ, 14ರ ವಯಸ್ಸಿಗೆ, ನ್ಯೂಕ್ಯಾಸಲ್‌ನ ರಾಲ್ಫ್ ಬೀಲ್ಬಿ ಎಂಬ ಕೆತ್ತನೆಗಾರನ ಬಳಿ ಏಳು ವರ್ಷದ ಶಿಷ್ಯವೃತ್ತಿಗೆ ಸೇರಿದ. ಅಲ್ಲಿ ಬರುತ್ತಿದ್ದದ್ದು ಬೆಳ್ಳಿ ಸಾಮಾನಿನ ಮೇಲೆ ಹೆಸರು ಕೆತ್ತುವುದು, ಬಾಗಿಲ ಫಲಕ, ನಾಯಿಯ ಕೊರಳಪಟ್ಟಿ, ಮುದ್ರೆ, ಇಂಥ ಕೆಲಸ. ಮರದ ಕೆಲಸ ಬೀಲ್ಬಿಗೆ ರುಚಿಸುತ್ತಿರಲಿಲ್ಲ, ಹುಡುಗನಿಗೆ ತಳ್ಳಿಬಿಟ್ಟ. ಆ ತಳ್ಳಿದ ಕೆಲಸದಿಂದಲೇ ಹುಡುಗ ಮೇಲೆ ಬಂದ. 1777ರಲ್ಲಿ ಇಬ್ಬರೂ ಪಾಲುದಾರರಾದರು.

ಬ್ಯೂಯಿಕ್ ಮಾಡಿದ್ದು ಏನು ಅಂದರೆ, ಯೋಚನೆಯನ್ನು ತಿರುಗಾ ಹಾಕಿದ್ದು. ಅಲ್ಲಿಯವರೆಗೆ ಸಾಮಾನ್ಯವಾಗಿ ಪೆನ್ನಿನ ಕಪ್ಪು ಗೆರೆಯನ್ನು ಉಳಿಸಿಕೊಂಡು ಸುತ್ತಲಿನ ಮರ ತೆಗೆಯುತ್ತಿದ್ದರು. ಬ್ಯೂಯಿಕ್ ಕೆತ್ತದ ಬ್ಲಾಕನ್ನು ಕತ್ತಲೆ ಅಂದುಕೊಂಡ. ಉಳಿ ಆಡಿದಲ್ಲೆಲ್ಲ ಬೆಳಕು. ಬಿಳಿ ಗೆರೆಯಲ್ಲೇ ಚಿತ್ರ ಬರೆದ. ಈ ಬಿಳಿ ಗೆರೆಯನ್ನು ಮೊದಲು ಬಳಸಿದವನು ಅವನೊಬ್ಬನೇ ಅಲ್ಲ, ಆದರೆ ಅದರಲ್ಲಿ ಗರಿ, ರೋಮ, ನೀರು, ಮಂಜು ಎಲ್ಲ ಬರುತ್ತದೆ ಎಂದು ತೋರಿಸಿಕೊಟ್ಟವನು ಅವನು.

ನಾಲ್ಕು ಕಾಲಿನ ಪ್ರಾಣಿಗಳ ಪುಸ್ತಕ 1790ರಲ್ಲಿ ಬಂತು. ಹಗಲಿಡೀ ಅಂಗಡಿ ಕೆಲಸ, ಅದರ ಬ್ಲಾಕುಗಳನ್ನು ಕೆತ್ತಿದ್ದು ಹೆಚ್ಚಾಗಿ ರಾತ್ರಿ. ಬರಹ ಹೆಚ್ಚಿನದು ಬೀಲ್ಬಿಯದು. ಆಮೇಲೆ ಬ್ರಿಟನ್ನಿನ ಹಕ್ಕಿಗಳ ಪುಸ್ತಕ: ನೆಲದ ಹಕ್ಕಿಗಳ ಸಂಪುಟ 1797ರಲ್ಲಿ, ನೀರುಹಕ್ಕಿಗಳದು 1804ರಲ್ಲಿ.

ಈ ಎರಡು ಪುಸ್ತಕ ಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಊರಿನ ನಾಯಿ, ದನ, ಕುರಿ ಜೀವ ತುಂಬಿಕೊಂಡು ನಿಂತಿವೆ. ದೂರದೇಶದ ಪ್ರಾಣಿಗಳು ಬಂದ ಕಡೆ ಕೆಲಸ ಸಪ್ಪೆ. ಅವುಗಳಲ್ಲಿ ಹಲವನ್ನು ಅವನು ಬೇರೆಯವರ ಪುಸ್ತಕದ ಚಿತ್ರ ನೋಡಿ ಬರೆದದ್ದು. ಕೈ ಅದೇ, ಉಳಿ ಅದೇ. ಕಂಡದ್ದಕ್ಕೂ ಕಾಣದ್ದಕ್ಕೂ ಅಷ್ಟು ವ್ಯತ್ಯಾಸ. ನಾನು ಪಾಠ ಹೇಳುವಾಗ ಮೊದಲು ತೆಗೆಯುವುದು ಈ ಪುಟಗಳನ್ನೇ.

1791ರಲ್ಲಿ ವಿಕ್ಲಿಫ್ ಎಂಬಲ್ಲಿಗೆ ಹೋಗಿ, ಮಾರ್ಮಡ್ಯೂಕ್ ಟನ್‌ಸ್ಟಾಲ್ ಎಂಬ ಶ್ರೀಮಂತನ ಸಂಗ್ರಹದಲ್ಲಿದ್ದ, ಹೊಟ್ಟು ತುಂಬಿಟ್ಟ ಹಕ್ಕಿಗಳನ್ನು ಸುಮಾರು ಎರಡು ತಿಂಗಳು ಕೂತು ಬರೆದ. ಸಮಾಧಾನ ಆಗಲಿಲ್ಲ. ನಿಲುವು ಸರಿ ಇಲ್ಲ, ಗರಿಗಳ ಸಾಲು ಒಂದರ ಮೇಲೊಂದು ಬೀಳಬೇಕಾದ ಹಾಗೆ ಬಿದ್ದಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ದೂರಿದ್ದಾನೆ. ಆಗತಾನೇ ಸತ್ತ ಹಕ್ಕಿ, ಇಲ್ಲವೇ ಜೀವಂತ ಹಕ್ಕಿ ನೋಡಿ ಕೆತ್ತುವುದೇ ಸರಿ ಅನ್ನುವ ತೀರ್ಮಾನಕ್ಕೆ ಬಂದ.

ಇನ್ನು ಅವನ ಅಧ್ಯಾಯ ಮುಗಿಯುವ ಕಡೆಯ ಪುಟ್ಟ ಪುಟ್ಟ ಚಿತ್ರಗಳು. ಹಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಮಳೆಯಲ್ಲಿ ನಡೆದು ಹೋಗುವ ಮುದುಕ, ಹೊಳೆ ದಾಟಲು ಪಡುವ ಪಾಡು, ಕಿಡಿಗೇಡಿ ಹುಡುಗರು. ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಒಂದು ಹಳ್ಳಿಯೇ ಇದೆ. ಪುಸ್ತಕ ಕೊಂಡವರಲ್ಲಿ ಬಹಳ ಮಂದಿ ಹಕ್ಕಿ ಬಿಟ್ಟು ಇವನ್ನೇ ನೋಡುತ್ತಿದ್ದರು. ನಾನೂ ಅಷ್ಟೇ.

1827ರಲ್ಲಿ ಅಮೆರಿಕದ ಹಕ್ಕಿ ಚಿತ್ರಕಾರ ಆಡುಬನ್ ಅವನನ್ನು ನೋಡಲು ನ್ಯೂಕ್ಯಾಸಲ್‌ಗೆ ಹೋಗಿದ್ದ. ಮುದುಕ ಉತ್ಸಾಹದಲ್ಲಿದ್ದ, ತಾನು ಕೆತ್ತುತ್ತಿದ್ದ ಚಿತ್ರ ತೋರಿಸಿದ: ರಾತ್ರಿ ಹೊತ್ತು ಮರದ ಬೇರು, ಬಂಡೆಗಳನ್ನು ಮನುಷ್ಯರೆಂದು ತಿಳಿದು ಬೆದರಿದ ನಾಯಿ. ಉಪಕರಣಗಳೆಲ್ಲ ಬ್ಯೂಯಿಕ್ ತಾನೇ ಮಾಡಿಕೊಂಡವು, ಕೆಲಸದ ಕೋಣೆ ಅಚ್ಚುಕಟ್ಟಾಗಿತ್ತು ಎಂದು ಆಡುಬನ್ ಬರೆದಿದ್ದಾನೆ. ಮರುವರ್ಷ, 1828ರ ನವೆಂಬರಿನಲ್ಲಿ ಬ್ಯೂಯಿಕ್ ತೀರಿಕೊಂಡ. ಆತ್ಮಕಥೆ ಹೊರಬಂದದ್ದು 1862ರಲ್ಲಿ, ಮಗಳು ಜೇನ್ ಮಾಡಿಸಿದ್ದು. ಒಂದು ಜಾತಿಯ ಹಂಸಕ್ಕೆ ಈಗಲೂ ಅವನ ಹೆಸರಿದೆ.

ಪ್ರಶ್ನೆ: ಕಾಗೆ ಕೆತ್ತಿದೆ. ಅಚ್ಚು ತೆಗೆದರೆ ಮಸಿ ಚೆಲ್ಲಿದ ಹಾಗಿದೆ. ಬೆಳ್ಳಕ್ಕಿ ಕೆತ್ತಿದೆ. ಅದು ಕಾಗದದಲ್ಲಿ ಕಾಣೆಯಾಯಿತು. ಎಲ್ಲಿ ಎಡವುತ್ತಿದ್ದೇನೆ? (ಹವ್ಯಾಸಕ್ಕೆ ಕೆತ್ತುವ ಬ್ಯಾಂಕ್ ಉದ್ಯೋಗಿ)

ನೀವು ಕಳಿಸಿದ ಎರಡೂ ಅಚ್ಚು ನೋಡಿದೆ. ನೀವು ಬಣ್ಣ ಕೆತ್ತುತ್ತಿದ್ದೀರಿ. ಕೆತ್ತಬೇಕಾದ್ದು ಬೆಳಕು.

ಕಾಗೆ ಕಪ್ಪು ಅನ್ನುವುದು ನಿಮಗೆ ಗೊತ್ತಿರುವ ಸಂಗತಿ. ಬಿಸಿಲಲ್ಲಿ ಕೂತ ಕಾಗೆಯನ್ನು ನೋಡಿ. ಬೆನ್ನ ಮೇಲೆ ಬೆಳಕು ಬಿದ್ದ ಕಡೆ ಕಣ್ಣು ಕೋರೈಸುವಷ್ಟು ಬಿಳಿ ಇರುತ್ತದೆ. ಆ ಹೊಳಪು ಎಲ್ಲ ಕಡೆ ಒಂದೇ ಥರ ಇಲ್ಲ. ನೆತ್ತಿಯ ಮೇಲೆ ಚುಕ್ಕಿ ಚುಕ್ಕಿ, ಕತ್ತಿನಲ್ಲಿ ಸಣ್ಣ ಎಳೆ ಎಳೆ, ಮಡಿಸಿದ ರೆಕ್ಕೆಯ ಹಾರುಗರಿಗಳ ಅಂಚಿನಲ್ಲಿ ಉದ್ದನೆಯ ಒಂದೊಂದೇ ಗೆರೆ. ಗರಿ ಎಷ್ಟು ಉದ್ದ, ಎತ್ತ ಮುಖ ಮಾಡಿದೆ ಅನ್ನುವುದನ್ನು ಹೊಳಪೇ ಹೇಳುತ್ತದೆ. ಅದನ್ನಷ್ಟೇ ಕೆತ್ತಿ. ಉಳಿದದ್ದು ಕಪ್ಪಾಗಿಯೇ ಇರಲಿ. ಹೊಟ್ಟೆಯ ಕಡೆ ಒಂದು ಗೆರೆಯನ್ನೂ ಹಾಕಬೇಡಿ.

ಬೆಳ್ಳಕ್ಕಿಯದು ಇದರ ತದ್ವಿರುದ್ಧ. ಅದರ ಮೈ ಅಂದರೆ ನೀವು ಪೂರ್ತಿ ತೆಗೆದುಹಾಕಿದ ಮರ, ಕಾಗದವೇ ಹಕ್ಕಿ. ಹಾಗಾಗಿ ಹಕ್ಕಿಯನ್ನು ತೋರಿಸುವುದು ಹಿನ್ನೆಲೆಯ ಕೆಲಸ. ಹಿಂದೆ ಜೊಂಡನ್ನೋ ನೀರನ್ನೋ ಬೂದು ಮಾಡಿ ಹಿಡಿಯಿರಿ. ಬೂದು ಬರಿಸಲು ಟಿಂಟ್ ಟೂಲ್ ಎಂಬ ಸಮ ಗೆರೆಯ ಉಳಿಯಲ್ಲಿ ಒತ್ತೊತ್ತಾಗಿ ಸಮಾನಾಂತರ ಗೆರೆ ಹಾಕಬೇಕು. ಗೆರೆ ಹತ್ತಿರ ಬಂದಷ್ಟೂ ಬೂದು ತಿಳಿಯಾಗುತ್ತದೆ. ಬೆಳ್ಳಕ್ಕಿಯ ಬೆಳಕಿನ ಬದಿಗೆ ಹಿನ್ನೆಲೆ ಗಾಢವಾಗಿರಲಿ, ನೆರಳ ಬದಿಗೆ ತಿಳಿಯಾಗಿರಲಿ. ರೆಕ್ಕೆಯ ಕೆಳಗೆ ನಾಲ್ಕಾರು ಕಪ್ಪು ಗೆರೆ ಬಿಟ್ಟುಕೊಂಡರೆ ಸಾಕು, ಮೈ ಗುಂಡಗಾಗುತ್ತದೆ. ಸುತ್ತ ಔಟ್‌ಲೈನ್ ಎಳೆದುಬಿಟ್ಟರೆ ಮಾತ್ರ ಹಕ್ಕಿ ತಗಡಿನಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.

ನಡುವಿನ ಹಕ್ಕಿಗಳು ಇನ್ನೂ ಕಷ್ಟ. ಗೂಬೆಯನ್ನೇ ತಗೊಳ್ಳಿ. ಅದರ ಹಾರುಗರಿಯ ಮುಂದಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಕುಚ್ಚು ಇದೆ, ಗರಿಯ ಮೇಲ್ಮೈ ಮಖಮಲ್ಲು. ಸದ್ದಿಲ್ಲದೆ ಹಾರುವುದಕ್ಕೆ ಆ ಏರ್ಪಾಡು. ಅಂಥ ಮೈಗೆ ಗಟ್ಟಿ ಅಂಚು ಕೊಟ್ಟರೆ ಸುಳ್ಳಾಗುತ್ತದೆ. ನಾನು ಗೂಬೆಯ ಅಂಚನ್ನು ಗೆರೆಯಿಂದ ಮುಗಿಸುವುದಿಲ್ಲ. ಒಳಗಿನಿಂದ ಹೊರಕ್ಕೆ ಉಳಿಯನ್ನು ಸಣ್ಣಗೆ ಚಿಮ್ಮಿಸಿ ಬಿಡುತ್ತೇನೆ. ಅದೇ ಉಳಿಯಿಂದ ಕೊಕ್ಕಿನ ಹತ್ತಿರ ಬಂದಾಗ ಒಂದೇ ಒಂದು ಚೂಪು ಗೆರೆ. ಮೆತ್ತಗಿನದರ ಪಕ್ಕ ಗಟ್ಟಿ ಬಂದಾಗಲೇ ಎರಡೂ ತಿಳಿಯುತ್ತವೆ.

ಎಲ್ಲ ಗರಿಯನ್ನೂ ಕೆತ್ತುವ ಆಸೆ ಬಿಡಿ. ಗರಿಗಳ ಗುಂಪು ಯಾವುದು, ಒಂದು ಗುಂಪು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅನ್ನುವುದು ಸರಿ ಇದ್ದರೆ, ಒಂದು ಜಾಗದಲ್ಲಿ ಪೂರ್ತಿ ವಿವರ ಕೊಟ್ಟು ಉಳಿದ ಕಡೆ ಸುಳಿವು ಕೊಟ್ಟರೆ ಸಾಕು. ಅದೇ ಗುಂಪು ತಪ್ಪಿದರೆ ನೂರು ಗರಿ ಕೆತ್ತಿದರೂ ಹಕ್ಕಿ ನೋಡುವವರು ಒಪ್ಪುವುದಿಲ್ಲ. ಅವರು ಮೊದಲು ಲೆಕ್ಕ ಹಾಕುವುದು ಬಾಲವನ್ನು. ಹೆಚ್ಚಿನ ಹಾಡುಹಕ್ಕಿಗಳಿಗೆ ಬಾಲದಲ್ಲಿ 12 ಗರಿ. ಆಮೇಲೆ ಬೆರಳು. ಕೊಂಬೆ ಮೇಲೆ ಕೂರುವ ಹೆಚ್ಚಿನ ಹಕ್ಕಿಗಳಿಗೆ ಮುಂದೆ ಮೂರು, ಹಿಂದೆ ಒಂದು. ಗಿಳಿಗೂ ಮರಕುಟಿಗಕ್ಕೂ ಮುಂದೆ ಎರಡು, ಹಿಂದೆ ಎರಡು. ಇನ್ನು ಕಾಲಿನ ನಡುವೆ ಹಿಂದಕ್ಕೆ ಮಡಿಸಿದ ಹಾಗೆ ಕಾಣುವ ಕೀಲು ಮಂಡಿಯಲ್ಲ, ಹಿಮ್ಮಡಿಯ ಕೀಲು. ಮಂಡಿ ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಇದು ತಿಳಿದರೆ ನಿಮ್ಮ ಕಾಗೆ ಸರಿಯಾಗಿ ನಿಲ್ಲುತ್ತದೆ. ಈಗ ಅದು ಮುಂದಕ್ಕೆ ಮುಗ್ಗರಿಸುವ ಹಾಗಿದೆ.

ಪ್ರಶ್ನೆ: ಬಸವನಹುಳು ಕೆತ್ತಿ ತೋರಿಸಿದರೆ ಜೀವಶಾಸ್ತ್ರ ಓದಿದ ತಂಗಿ ನಕ್ಕಳು. ಯಾಕೆ ಅಂತ ಹೇಳುತ್ತಿಲ್ಲ. (ಒಬ್ಬ ಅಣ್ಣ)

ತಂಗಿ ಜಾಣೆ. ಬ್ಲಾಕಿನಲ್ಲಿ ಇದ್ದದ್ದು ಕಾಗದದ ಮೇಲೆ ಎಡಬಲ ತಿರುಗಿ ಬರುತ್ತದೆ, ಅಲ್ವಾ? ನೀವು ನೋಡಿದ ಹಾಗೇ ಬ್ಲಾಕಿಗೆ ಇಳಿಸಿದ್ದೀರಿ. ಹೆಚ್ಚಿನ ಬಸವನಹುಳುಗಳ ಚಿಪ್ಪನ್ನು ತುದಿ ಮೇಲೆ ಮಾಡಿ, ಬಾಯಿ ನಮ್ಮ ಕಡೆ ಬರುವ ಹಾಗೆ ಹಿಡಿದರೆ ಬಾಯಿ ಬಲಕ್ಕಿರುತ್ತದೆ. ನಿಮ್ಮ ಅಚ್ಚಿನಲ್ಲಿ ಎಡಕ್ಕೆ ಬಂದಿದೆ. ಅಂಥ ಹುಳು ನಿಜಕ್ಕೂ ಸಿಕ್ಕರೆ ವಿಜ್ಞಾನಿಗಳಿಗೆ ಹಬ್ಬ.

ಬೇಜಾರು ಬೇಡ, ದೊಡ್ಡವರೇ ಸಿಕ್ಕಿಹಾಕಿಕೊಂಡಿದ್ದಾರೆ. ರೆಂಬ್ರಾಂಟ್ 1650ರಲ್ಲಿ ಒಂದು ಶಂಖುವಿನಾಕಾರದ ಕಡಲಚಿಪ್ಪಿನ ಎಚಿಂಗ್ (ಲೋಹದ ತಗಡನ್ನು ಆಮ್ಲದಲ್ಲಿ ಕೊರೆದು ತೆಗೆಯುವ ಅಚ್ಚು) ಮಾಡಿದ. ತಗಡಿನ ಮೇಲೆ ತನ್ನ ಸಹಿಯನ್ನು ನೆನಪಿಟ್ಟು ತಿರುಗಿಸಿ ಬರೆದ, ಚಿಪ್ಪನ್ನು ತಿರುಗಿಸಲಿಲ್ಲ. ಅಚ್ಚಿನಲ್ಲಿ ಸಹಿ ಸರಿ, ಚಿಪ್ಪಿನ ಸುರುಳಿ ಉಲ್ಟಾ.

ಚಪ್ಪಟೆ ಮೀನುಗಳಲ್ಲೂ ಜೋಪಾನ. ಸೋಲ್, ಪ್ಲೇಸ್ ಮೀನುಗಳಿಗೆ ಸಾಮಾನ್ಯವಾಗಿ ಎರಡೂ ಕಣ್ಣು ಬಲ ಮೈಯಲ್ಲಿ, ಟರ್ಬಟ್‌ಗೆ ಎಡ ಮೈಯಲ್ಲಿ. ಹಕ್ಕಿ ಎತ್ತ ಮುಖ ಮಾಡಿದರೂ ನಡೆಯುತ್ತದೆ, ಇವು ನಡೆಯುವುದಿಲ್ಲ. ಟ್ರೇಸಿಂಗ್ ಕಾಗದದಲ್ಲಿ ಬರೆದು, ಮಗುಚಿ, ಆ ಮಗುಚಿದ ಚಿತ್ರವನ್ನೇ ಬ್ಲಾಕಿಗೆ ಇಳಿಸಿ. ಕೆತ್ತುವಾಗ ಎದುರಿಗೆ ಒಂದು ಸಣ್ಣ ಕನ್ನಡಿ ಇಟ್ಟುಕೊಳ್ಳಿ.

ಪ್ರಶ್ನೆ: ಉಳಿ ಜಾರಿ ನರಿಯ ಮೂತಿಯ ಮೇಲೆ ಗೆರೆ ಬಿತ್ತು. ಬ್ಲಾಕು ಎಸೆಯಬೇಕಾ?

ಬೇಡ. ಕೆಟ್ಟ ಜಾಗದಲ್ಲಿ ಡ್ರಿಲ್ ಮಾಡಿ ಗುಂಡಗೆ ತೂತು ತೆಗೆಯಿರಿ. ಅದಕ್ಕೆ ಬಿಗಿಯಾಗಿ ಕೂರುವ ಹಾಗೆ ಅದೇ ಮರದ ಬೆಣೆಯನ್ನು ಅಂಟು ಹಚ್ಚಿ ಹೊಡೆಯಿರಿ. ಒಣಗಿದ ಮೇಲೆ ಮಟ್ಟ ಮಾಡಿ ಮತ್ತೆ ಕೆತ್ತಿ. ಬೆಣೆಯೂ ಅಡ್ಡ ಕೊಯ್ದದ್ದೇ ಆಗಿರಬೇಕು. ಗೆರೆ ತೀರಾ ಸಣ್ಣದಾದರೆ ಪಕ್ಕದ ಗೆರೆಗಳಲ್ಲಿ ಬೆರೆಸಿ ಮರೆಸಬಹುದು, ನರಿಗೆ ಒಂದು ಮೀಸೆ ಜಾಸ್ತಿಯಾದರೆ ಯಾರೂ ಕೇಳುವುದಿಲ್ಲ.

ಬ್ಯೂಯಿಕ್‌ನ ಹಕ್ಕಿ ಪುಸ್ತಕದಲ್ಲಿ ಇದಕ್ಕೊಂದು ತಮಾಷೆಯ ಉದಾಹರಣೆ ಇದೆ. ಅಧ್ಯಾಯದ ಕೊನೆಯ ಚಿತ್ರವೊಂದರಲ್ಲಿ ಬಯಲ ಕಕ್ಕಸಿನಲ್ಲಿ ಒಬ್ಬ ಕೂತಿದ್ದಾನೆ, ಕಾಣಬಾರದ್ದು ಕಾಣುತ್ತದೆ. ತಕರಾರು ಬಂದಾಗ ಮೊದಲು ಅಚ್ಚಾದ ಪ್ರತಿಗಳಲ್ಲಿ ಆ ಜಾಗಕ್ಕೆ ಮಸಿ ಬಳಿಸಿದರು. ಆಮೇಲೆ ಬ್ಲಾಕಿಗೇ ಬೆಣೆ ಹೊಡೆದು, ಅದರ ಮೇಲೆ ಅಡ್ಡಪಟ್ಟಿ ಕೆತ್ತಿ ಮಾನ ಮುಚ್ಚಿದರು.

ಪ್ರಶ್ನೆ: ಗೆರೆ ಚೆನ್ನಾಗಿಯೇ ಕೆತ್ತುತ್ತೇನೆ. ಅಚ್ಚಿನಲ್ಲಿ ಮುಚ್ಚಿಹೋಗುತ್ತದೆ. ಉಳಿಯೂ ಪದೇ ಪದೇ ಜಾರುತ್ತದೆ.

ಜಾರುವುದು ಮೊಂಡು ಉಳಿ. ಎಣ್ಣೆ ಕಲ್ಲಿನ ಮೇಲೆ ಅದರ ಓರೆ ಮುಖವನ್ನು ಮಾತ್ರ ಮಸೆಯಿರಿ, ಓರೆ ಸುಮಾರು 45 ಡಿಗ್ರಿ ಇರಲಿ. ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಇಡಿ, ಒತ್ತಬೇಡಿ. ಕಚ್ಚಿಕೊಂಡರೆ ಚೂಪಾಗಿದೆ. ಜಾರಿದರೆ ಇನ್ನೂ ಮಸೆಯಬೇಕು. ಚೂಪಾದ ಉಳಿಯ ಮುಂದೆ ಮರ ಸಣ್ಣ ಸುರುಳಿಯಾಗಿ ಏಳುತ್ತದೆ, ಪುಡಿಯಾಗುವುದಿಲ್ಲ. ಮತ್ತೆ, ಎಡಗೈಯ ಬೆರಳು ಎಂದೂ ಉಳಿಯ ದಾರಿಗೆ ಎದುರಾಗಿ ಇರಬಾರದು.

ಕೆತ್ತುವ ಮೊದಲು ಬ್ಲಾಕಿನ ಮೇಲ್ಮುಖಕ್ಕೆ ತೆಳ್ಳಗೆ ಕಪ್ಪು ಶಾಯಿ ಸವರಿ. ಕೆತ್ತಿದ ಗೆರೆ ಎದ್ದು ಕಾಣುತ್ತದೆ. ನಡುವೆ ಟಾಲ್ಕಂ ಪೌಡರ್ ಉಜ್ಜಿದರೆ ಅಚ್ಚಿನ ಅಂದಾಜು ಸಿಗುತ್ತದೆ. ಬೆಳಕು ಓರೆಯಾಗಿ ಬರಲಿ. ಹಿಂದಿನವರು ನೀರು ತುಂಬಿದ ಗಾಜಿನ ಬುರುಡೆ ಇಟ್ಟು ದೀಪದ ಬೆಳಕನ್ನು ಬ್ಲಾಕಿನ ಮೇಲೆ ಕೂಡಿಸಿಕೊಳ್ಳುತ್ತಿದ್ದರು.

ಮುಚ್ಚಿಹೋಗುವುದಕ್ಕೆ ಕಾರಣ ಮಸಿ. ನೀವು ಲಿನೋಗೆ ಹಚ್ಚುವಷ್ಟು ಹಚ್ಚುತ್ತಿದ್ದೀರಿ. ಎಣ್ಣೆ ಮಸಿ ಗಟ್ಟಿಯಾಗಿರಲಿ, ರೋಲರ್ ಮೇಲೆ ಪೊರೆಯಷ್ಟೇ ಇರಲಿ. ಒಂದೇ ಸಲ ದಪ್ಪಗೆ ಬೇಡ, ತೆಳ್ಳಗೆ ಹಲವು ಸಲ ಓಡಿಸಿ. ಕಾಗದ ನುಣುಪಾಗಿರಬೇಕು, ಪ್ರೆಸ್ಸು ಇಲ್ಲದಿದ್ದರೆ ತೆಳು ಕಾಗದ ಹಾಕಿ ಚಮಚದ ಬೆನ್ನಿನಿಂದ ಉಜ್ಜಿ.

ಬ್ಲಾಕನ್ನು ನೀರಿನಿಂದ ತೊಳೆಯಲೇಬೇಡಿ, ಮರ ಉಬ್ಬುತ್ತದೆ. ಮೆತ್ತನೆ ಬಟ್ಟೆಗೆ ಸ್ವಲ್ಪ ವೈಟ್ ಸ್ಪಿರಿಟ್ (ಪೇಂಟ್ ತೆಳುಮಾಡುವ ದ್ರವ) ಹಾಕಿ ಒರೆಸಿ. ಬಿಸಿಲಿಗೂ ಇಡಬೇಡಿ. ಬ್ಯೂಯಿಕ್ 1789ರಲ್ಲಿ ಚಿಲ್ಲಿಂಗ್‌ಹ್ಯಾಮ್‌ನ ಕಾಡು ಗೂಳಿಯನ್ನು ದೊಡ್ಡ ಬ್ಲಾಕಿನಲ್ಲಿ ಕೆತ್ತಿದ, ಅವನ ಹೆಸರಾಂತ ಕೆಲಸಗಳಲ್ಲಿ ಅದೊಂದು. ಕೆಲವೇ ಪ್ರತಿ ತೆಗೆಯುವಷ್ಟರಲ್ಲಿ ಬ್ಲಾಕು ಬಿರುಕು ಬಿಟ್ಟಿತು.

ಪ್ರಶ್ನೆ: ಮೊಬೈಲಿನಲ್ಲಿ ಒಳ್ಳೊಳ್ಳೆ ಹಕ್ಕಿ ಫೋಟೊ ಇವೆ. ಅದನ್ನು ನೋಡಿ ಕೆತ್ತಬಹುದಾ? ಲೇಸರ್ ಯಂತ್ರಕ್ಕೆ ಕೊಟ್ಟರೆ ಇನ್ನೂ ಬೇಗ ಆಗಲ್ವಾ?

ಫೋಟೊ ನೋಡಬಹುದು, ನಾನೂ ನೋಡುತ್ತೇನೆ. ಒಂದೇ ಫೋಟೊ ನೆಚ್ಚಬೇಡಿ. ಟೆಲಿ ಲೆನ್ಸು ಹಕ್ಕಿಯನ್ನು ಚಪ್ಪಟೆ ಮಾಡುತ್ತದೆ, ನೆರಳಿನೊಳಗಿನ ಗರಿಯನ್ನು ನುಂಗುತ್ತದೆ. ಬೇರೆಯವರ ಫೋಟೊ ಆದರೆ ಅನುಮತಿ ಕೇಳಿ. ಎಲ್ಲಕ್ಕಿಂತ ಮೊದಲು ಹಕ್ಕಿಯನ್ನು ಹೊರಗೆ ನೋಡಿ ಹತ್ತಾರು ಗೀಚು ಚಿತ್ರ ಮಾಡಿ. ಕೂತಾಗ ಕತ್ತು ಎಷ್ಟು ಒಳಗೆ ಎಳೆದುಕೊಳ್ಳುತ್ತದೆ, ಭಾರ ಯಾವ ಕಾಲಿನ ಮೇಲೆ ಬಿಡುತ್ತದೆ ಅನ್ನುವುದು ಆಗಲೇ ಕೈಗೆ ಹತ್ತುವುದು. ಮ್ಯೂಸಿಯಮ್ಮಿನ ಹಕ್ಕಿ ಗರಿಯ ಸಾಲು ನೋಡಲು ಸರಿ. ಕೊಕ್ಕು, ಕಾಲಿನ ಬಣ್ಣ ಅಲ್ಲಿ ಮಾಸಿರುತ್ತದೆ, ಕಣ್ಣು ಗಾಜಿನದು.

ಲೇಸರ್ ಯಂತ್ರ ಮರ ಸುಡುತ್ತದೆ, ಚೆನ್ನಾಗಿಯೇ ಸುಡುತ್ತದೆ. ಅದಕ್ಕೆ ಕೊಡುವ ಚಿತ್ರದಲ್ಲಿ ಎಲ್ಲಿ ಬೆಳಕು, ಎಲ್ಲಿ ಸುಮ್ಮನಿರಬೇಕು ಎಂದು ತೀರ್ಮಾನಿಸುವವರು ಯಾರು ಅನ್ನುವುದೇ ಪ್ರಶ್ನೆ. ಫೋಟೊ ಹಾಗೇ ಕೊಟ್ಟರೆ ಬರುವುದು ಚುಕ್ಕಿಗಳ ಫೋಟೊ. ಹೀಗೆ ಹಿಂದೆಯೂ ಆಗಿದೆ. 1860ರ ದಶಕದಿಂದ ಬ್ಲಾಕಿನ ಮೇಲೆಯೇ ಫೋಟೊ ಇಳಿಸಿ, ಅದರ ನೆರಳು ಬೆಳಕನ್ನು ಕೆತ್ತನೆಗಾರರಿಂದ ನಕಲು ಮಾಡಿಸುವುದು ಶುರುವಾಯಿತು. ಅಸಾಧ್ಯ ಕೈಚಳಕ, ಒಪ್ಪುತ್ತೇನೆ. ಆದರೆ ನೋಡಲು ಬೇಸರ. ಆಮೇಲೆ ಫೋಟೊವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಮಾಡುವ ಹಾಫ್‌ಟೋನ್ ಬ್ಲಾಕ್ ಬಂದು ಅದೇ ಕೆಲಸ ಅಗ್ಗಕ್ಕೆ ಮಾಡಿತು, ಆ ಕೆತ್ತನೆಗಾರರೆಲ್ಲ ಮನೆಗೆ ಹೋದರು. ಕಲೆಯಾಗಿ ಇದು ಮತ್ತೆ ಎದ್ದು ಕೂತದ್ದು 20ನೇ ಶತಮಾನದಲ್ಲಿ. 1920ರಲ್ಲಿ ಇಂಗ್ಲೆಂಡಿನಲ್ಲಿ ಸೊಸೈಟಿ ಆಫ್ ವುಡ್ ಎನ್‌ಗ್ರೇವರ್ಸ್ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಗ್ವೆನ್ ರಾವೆರಾ ಒಬ್ಬರು, ಚಾರ್ಲ್ಸ್ ಡಾರ್ವಿನ್ನನ ಮೊಮ್ಮಗಳು. ಪ್ರಾಣಿ ಪಕ್ಷಿ ನೋಡಬೇಕೆಂದರೆ ಚಾರ್ಲ್ಸ್ ಟನಿಕ್ಲಿಫ್, ಆಗ್ನೆಸ್ ಮಿಲ್ಲರ್ ಪಾರ್ಕರ್ ಇವರ ಕೆತ್ತನೆ ಹುಡುಕಿ. ಪಾರ್ಕರ್ ಅವರ ಕಪ್ಪು ಎಷ್ಟು ಆಳ ಅಂದರೆ ಕೈ ಹಾಕಬಹುದು.

ಪ್ರಶ್ನೆ: ಇದರಿಂದಲೇ ಜೀವನ ಸಾಗುತ್ತಾ? ಕೆಲಸ ಬಿಟ್ಟು ಬರೋಣ ಅಂತಿದ್ದೇನೆ. (ಹೆಸರು ಬೇಡ ಎಂದಿದ್ದಾರೆ)

ಈಗಲೇ ಬಿಡಬೇಡಿ. ಹಕ್ಕಿ ಚಿತ್ರ ಮಾತ್ರ ಕೆತ್ತಿ ಬದುಕುವವರು ಎಲ್ಲ ಕಾಲದಲ್ಲೂ ಕಡಿಮೆ. ಬ್ಯೂಯಿಕ್‌ಗೂ ದಿನದ ಅನ್ನ ಬಂದದ್ದು ನಾಯಿಯ ಕೊರಳಪಟ್ಟಿಯಿಂದ, ವ್ಯಾಪಾರಿಗಳ ಬಿಲ್ಲಿನ ತಲೆಬರಹದಿಂದ, ಬ್ಯಾಂಕ್ ನೋಟಿನ ಕೆಲಸದಿಂದ. ಈಗಿನವರೂ ಹಾಗೇ. ಪುಸ್ತಕದ ಒಡೆಯನ ಹೆಸರಿನ ಚೀಟಿ, ಪುಸ್ತಕದ ಮುಖಪುಟ, ಬಾಟಲಿಯ ಲೇಬಲ್, ವಾರಾಂತ್ಯದ ಪಾಠ, ಎಲ್ಲ ಸೇರಿ ತಿಂಗಳು ಕಳೆಯುತ್ತದೆ. ಜೊತೆಗೆ ಸಂಖ್ಯೆ ಹಾಕಿ ಸಹಿ ಮಾಡಿದ ಅಚ್ಚುಗಳ ಮಾರಾಟ. ಒಂದೇ ಬ್ಲಾಕಿನಿಂದ ಹಲವು ಪ್ರತಿ ಬರುವುದರಿಂದ ಪ್ರತಿಯ ಬೆಲೆ ಪೇಂಟಿಂಗಿಗಿಂತ ಕೆಳಗಿರುತ್ತದೆ, ಕೊಳ್ಳುವವರು ಸಿಗುತ್ತಾರೆ.

ಒಂದು ಚಿತ್ರಕ್ಕೆ ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಕೆತ್ತುವುದಕ್ಕಿಂತ ನೋಡುವುದಕ್ಕೆ ಜಾಸ್ತಿ ಹೊತ್ತು ಬೇಕು. ಆ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಇದಕ್ಕೆ ನಿಮ್ಮ ಮನೆಯವರು ಒಪ್ಪಿದರೆ ಆಮೇಲೆ ಯೋಚಿಸಿ.

ಪ್ರಶ್ನೆ: ಉಳಿ, ಬ್ಲಾಕು ತಂದಾಯಿತು. ಮೊದಲು ಏನು ಕೆತ್ತಲಿ? ಮಿಂಚುಳ್ಳಿ ಅಂದುಕೊಂಡಿದ್ದೇನೆ.

ಮಿಂಚುಳ್ಳಿಯ ಸೊಗಸೆಲ್ಲ ಬಣ್ಣದಲ್ಲಿದೆ. ಕಪ್ಪು ಬಿಳುಪಿನಲ್ಲಿ ಅದು ಉದ್ದ ಕೊಕ್ಕಿನ ಗಿಡ್ಡ ಹಕ್ಕಿ ಅಷ್ಟೇ. ಅದು ಆಮೇಲೆ ಇರಲಿ. ಕಿಟಕಿಯ ಹತ್ತಿರ ಸತ್ತು ಬಿದ್ದ ದುಂಬಿ ಹುಡುಕಿ. ಕಪ್ಪು ಮೈ, ಹೊಳೆಯುವ ಬೆನ್ನು, ಓಡಿ ಹೋಗುವುದಿಲ್ಲ, ಪೋಸು ಬದಲಿಸುವುದಿಲ್ಲ. ಒಂದೇ ದೀಪದ ಕೆಳಗೆ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ರೆಕ್ಕೆಯ ಹೊದಿಕೆಯ ಮೇಲಿನ ಹೊಳಪನ್ನು ಸ್ಪಿಟ್‌ಸ್ಟಿಕರ್ ಎಂಬ ಚೂಪು ಉಳಿಯಿಂದ, ಸುತ್ತಲಿನ ಖಾಲಿ ಜಾಗವನ್ನು ಸ್ಕಾರ್ಪರ್ ಎಂಬ ಮರ ಬಗೆಯುವ ಉಳಿಯಿಂದ ತೆಗೆಯಿರಿ. ಖಾಲಿ ಜಾಗವನ್ನು ಕೊನೆಗೆ ತೆಗೆಯಿರಿ, ಮೀಸೆಗೂ ಕಾಲಿಗೂ ಎಷ್ಟು ಮರ ಬೇಕು ಅನ್ನುವುದು ಅಲ್ಲಿಯವರೆಗೆ ತಿಳಿಯುವುದಿಲ್ಲ. ಆರೂ ಕಾಲು ಎದೆಯ ಭಾಗದಿಂದಲೇ ಹೊರಡಬೇಕು, ಹೊಟ್ಟೆಯಿಂದಲ್ಲ. ಅಚ್ಚು ಬಂದ ಮೇಲೆ ಒಂದು ಪ್ರತಿ ನನಗೂ ಕಳಿಸಿ, ಮಡಚದೆ, ರಟ್ಟಿನ ನಡುವೆ ಇಟ್ಟು.